ಕಳೆದುಹೋದ ಯುದ್ಧ ಪದಕವನ್ನು ಹುಡುಕುವ ಬಗೆ

"ಮಿಲಿಟರಿ ತಾತನ ಮನೆ" ಎಂದು ಕರೆಸಿಕೊಳ್ಳುವ ಮನೆ ನಮ್ಮ ಅನೇಕ ಹಳ್ಳಿಗಳಲ್ಲಿ ಉಂಟು. ತಾತ ತೀರಿಕೊಂಡು ಬಹಳ ಕಾಲವಾಗಿದೆ. ಆತನ ಎದೆಯ ಮೇಲಿದ್ದ ಬಿಲ್ಲೆಗಳು ಏನಾದವೆಂದು ಮನೆಯವರಿಗೆ ತಿಳಿಯದು. ಅವುಗಳನ್ನು ಹುಡುಕುವುದು ಹೇಗೆ?

ಮೊದಲು ಅವು ಯಾವ ಲೋಹದವು ಎಂಬುದನ್ನು ಯೋಚಿಸಿರಿ. 1914-18ರ ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಕೊಟ್ಟ 'ಬ್ರಿಟಿಷ್ ವಾರ್ ಮೆಡಲ್' ಬೆಳ್ಳಿಯದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಯಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಅಂಥವರ ಬೆಳ್ಳಿ ಪದಕ ಕಷ್ಟಕಾಲದಲ್ಲಿ ಅಕ್ಕಸಾಲಿಗನ ಕುಲುಮೆ ಸೇರಿದ್ದರೆ ಆಶ್ಚರ್ಯವಿಲ್ಲ. ಅದಕ್ಕಾಗಿ ಹಿರಿಯರನ್ನು ದೂರಬೇಡಿರಿ. 1939-45ರ ಯುದ್ಧದ ಮಾತು ಬೇರೆ. ಬರ್ಮಾ ಸ್ಟಾರ್ ಮೊದಲಾದ ಆರು ಮೊನೆಯ ನಕ್ಷತ್ರಗಳು ತಾಮ್ರ ಮತ್ತು ಸತುವು ಬೆರೆತವು. ಕರಗಿಸಿದರೆ ಹೆಚ್ಚು ಕಾಸು ಹುಟ್ಟದು. ಆದುದರಿಂದ ಅವು ಮನೆಯಲ್ಲಿಯೇ ಉಳಿದಿರುವ ಸಂಭವ ಹೆಚ್ಚು. ಅಜ್ಜಿಯ ಪೆಟ್ಟಿಗೆ, ಅಟ್ಟ, ದೇವರ ಗೂಡು ಎಲ್ಲವನ್ನೂ ನೋಡಿರಿ. ಮದುವೆಯಾಗಿ ಹೋದ ಸೋದರತ್ತೆಯರನ್ನು ಕೇಳುವುದನ್ನು ಮರೆಯಬೇಡಿರಿ.

ಸಿಕ್ಕಿದರೆ ಹುಣಿಸೆಹಣ್ಣು ಹಚ್ಚಿ ತಿಕ್ಕಲು ಹೋಗಬೇಡಿ! ಭಾರತದ ಸಿಪಾಯಿಗಳ ಪದಕಗಳ ಮೇಲೆ ಅವರ ಸೈನ್ಯದ ನಂಬರನ್ನೂ ಹೆಸರನ್ನೂ ಒತ್ತಿರುತ್ತಾರೆ. ದುಂಡು ಪದಕವಾದರೆ ಅಂಚಿನಲ್ಲಿ, ನಕ್ಷತ್ರವಾದರೆ ಹಿಂಬದಿಯಲ್ಲಿ ನೋಡಬೇಕು. ತಿಕ್ಕಿದರೆ ಅಕ್ಷರ ಸವೆಯುತ್ತದೆ.

ಸಿಕ್ಕದಿದ್ದರೆ ಆ ನಂಬರನ್ನಾದರೂ ಪತ್ತೆಮಾಡಬೇಕು. ಒಂದೇ ಹೆಸರಿನ ಸಿಪಾಯಿಗಳು ಹಲವರಿದ್ದರು, ನಂಬರು ಮಾತ್ರ ಒಬ್ಬನದೇ. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ, ಪಿಂಚಣಿ ಪುಸ್ತಕ, ಹಳೆಯ ಪತ್ರಗಳು, ಇವುಗಳಲ್ಲಿ ಅದು ಇರಬಹುದು. ಅದನ್ನು ತೆಗೆದುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಯಾವ ದಾಖಲೆ ಕಚೇರಿಗೆ ಬರೆಯಬೇಕೆಂದು ವಿಚಾರಿಸಿರಿ. ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ; ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ.

ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಸೇರಿದ ವರ್ಷ ಬರೆಯಿರಿ. ಊರಿನ ವಿಳಾಸವನ್ನು ಆ ಕಾಲದಲ್ಲಿದ್ದಂತೆಯೇ ಕೊಡಿರಿ. ಆಗ ಬಳ್ಳಾರಿ, ಮಂಗಳೂರು ಮದ್ರಾಸು ಪ್ರಾಂತ್ಯಕ್ಕೂ, ಧಾರವಾಡ, ಬಿಜಾಪುರ ಬೊಂಬಾಯಿಗೂ ಸೇರಿದ್ದವು. ಉತ್ತರ ಬೇಗ ಬರಲಿಲ್ಲವೆಂದು ಕೈಬಿಡಬೇಡಿ.

ಹಳೆಯ ಪದಕಗಳನ್ನು ಕೊಂಡು ಮಾರುವವರೂ ಇದ್ದಾರೆ. ಅಂಥಲ್ಲಿ ತಾತನ ಹೆಸರಿನ ಪದಕ ಕಂಡರೆ ಹಣ ಕೊಡುವ ಮುಂಚೆ ಅಂಚಿನ ನಂಬರನ್ನು ನಿಮ್ಮ ಕಾಗದದ ನಂಬರಿಗೆ ಹೋಲಿಸಿರಿ. ಹೆಸರು ಹೊಂದಿ ನಂಬರು ಬೇರೆಯಾದರೆ ಅದು ಇನ್ನೊಬ್ಬರ ತಾತನದು.