ನೀರಿಗೆ ಸೇರದ ಅಣುಗಳು: ಲಿಪಿಡ್‌ಗಳನ್ನು ಅರಿತು ಓದುವ ಬಗೆ

ಪ್ರಥಮ ಪಿಯುಸಿ ಜೀವಶಾಸ್ತ್ರದ ‘ಜೈವಿಕ ಅಣುಗಳು’ ಪಾಠದಲ್ಲಿ ಲಿಪಿಡ್‌ಗಳಿಗೆ ಸಿಕ್ಕಿರುವ ಜಾಗ ಚಿಕ್ಕದು. ಹೆಸರುಗಳು ಮಾತ್ರ ಸಾಲುಸಾಲು: ಗ್ಲಿಸರಾಲ್, ಪಾಮಿಟಿಕ್ ಆಮ್ಲ, ಲೆಸಿಥಿನ್, ಕೊಲೆಸ್ಟರಾಲ್. ಒಂದೊಂದನ್ನೇ ಉರುಹೊಡೆದರೆ ಪರೀಕ್ಷೆಯ ಹೊತ್ತಿಗೆ ಎಲ್ಲವೂ ಕಲಸಿಹೋಗುತ್ತವೆ. ಆದರೆ ಲಿಪಿಡ್‌ಗಳನ್ನು ಒಂದು ಗುಂಪಾಗಿಸಿರುವ ಗುಣ ಒಂದೇ: ಅವು ನೀರಿನಲ್ಲಿ ಕರಗುವುದಿಲ್ಲ. ಈ ಗುಣದ ಕಾರಣ ತಿಳಿದರೆ ಉಳಿದದ್ದನ್ನು ನೀವೇ ಊಹಿಸಬಹುದು.

ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆಗೆ ತುಸು ಋಣ ವಿದ್ಯುದಂಶ, ಹೈಡ್ರೋಜನ್ ಕಡೆಗೆ ತುಸು ಧನ ವಿದ್ಯುದಂಶ ಇರುತ್ತದೆ. ಅದರಿಂದಲೇ ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಸೆಳೆದುಕೊಳ್ಳುತ್ತವೆ. ಲಿಪಿಡ್‌ನ ಉದ್ದನೆಯ ಇಂಗಾಲ-ಹೈಡ್ರೋಜನ್ ಸರಪಳಿಯಲ್ಲಿ ಇಂಥ ವಿದ್ಯುದಂಶ ಇಲ್ಲವೆನ್ನುವಷ್ಟು ಕಡಿಮೆ. ನೀರು ಅದನ್ನು ಹೊರಗಿಟ್ಟು ತಾನು ತಾನೇ ಕೂಡಿಕೊಳ್ಳುತ್ತದೆ.

ಶಕ್ತಿಯ ಉಗ್ರಾಣ

ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಸೇರಿದರೆ ಟ್ರೈಗ್ಲಿಸರೈಡ್. ತುಪ್ಪ, ಎಣ್ಣೆ, ನಮ್ಮ ಚರ್ಮದಡಿಯ ಕೊಬ್ಬು ಎಲ್ಲದರಲ್ಲೂ ಮುಖ್ಯವಾಗಿ ಇರುವುದು ಇದೇ. 16 ಇಂಗಾಲಗಳ ಪಾಮಿಟಿಕ್ ಆಮ್ಲದಂತಹ ಪರ್ಯಾಪ್ತ (ದ್ವಿಬಂಧವಿಲ್ಲದ) ಸರಪಳಿಗಳು ನೇರವಾಗಿದ್ದು ಒತ್ತೊತ್ತಾಗಿ ಕೂರುತ್ತವೆ. ಆದ್ದರಿಂದ ಇಂಥವು ಹೆಚ್ಚಿರುವ ತುಪ್ಪ ತಂಪಿಗೆ ಹೆಪ್ಪುಗಟ್ಟುತ್ತದೆ. ಅಪರ್ಯಾಪ್ತ ಸರಪಳಿಯಲ್ಲಿ ದ್ವಿಬಂಧ ಇರುವಲ್ಲಿ ಒಂದು ಬಾಗು ಬರುತ್ತದೆ. ಬಾಗಿದ ಸರಪಳಿಗಳು ಹತ್ತಿರ ಸೇರಲಾರವು. ಎಳ್ಳೆಣ್ಣೆ ದ್ರವವಾಗಿಯೇ ಉಳಿಯುತ್ತದೆ.

ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲರಿ ಕೊಟ್ಟರೆ, ಒಂದು ಗ್ರಾಂ ಕಾರ್ಬೋಹೈಡ್ರೇಟ್ ಕೊಡುವುದು ಸುಮಾರು 4. ಅದಲ್ಲದೆ ದೇಹ ಕಾರ್ಬೋಹೈಡ್ರೇಟನ್ನು ಕೂಡಿಡುವ ರೂಪವಾದ ಗ್ಲೈಕೋಜನ್ ತನ್ನ ಜೊತೆಗೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬು ನೀರಿನ ಹೊರೆಯಿಲ್ಲದೆ ಕೂಡಿಡಬಹುದಾದದ್ದು. ಬಹುಕಾಲದ ಉಳಿತಾಯಕ್ಕೆ ದೇಹ ಕೊಬ್ಬನ್ನು ಆರಿಸಿಕೊಂಡದ್ದು ಇದಕ್ಕೇ.

ಜೀವಕೋಶದ ಪೊರೆ

ಮೂರು ಕೊಬ್ಬಿನಾಮ್ಲಗಳಲ್ಲಿ ಒಂದರ ಜಾಗಕ್ಕೆ ಫಾಸ್ಫೇಟ್ ಬಂದರೆ ಫಾಸ್ಫೊಲಿಪಿಡ್. ಲೆಸಿಥಿನ್ ಇದಕ್ಕೆ ಉದಾಹರಣೆ. ಇದರ ತಲೆ ನೀರನ್ನು ಬಯಸುತ್ತದೆ, ಎರಡು ಬಾಲಗಳು ನೀರಿನಿಂದ ದೂರ ಸರಿಯುತ್ತವೆ. ಇಂಥ ಅಣುಗಳನ್ನು ನೀರಿಗೆ ಬಿಟ್ಟರೆ, ತಲೆಗಳು ಹೊರಗೂ ಬಾಲಗಳು ಒಳಗೂ ಬರುವಂತೆ ಎರಡು ಪದರಗಳಾಗಿ ತಾವೇ ಜೋಡಿಸಿಕೊಳ್ಳುತ್ತವೆ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡ್ ಬೇರ್ಪಡಿಸಿ ನೀರಿನ ಮೇಲೆ ಹರಡಿದರು. ಅದು ಆವರಿಸಿದ ವಿಸ್ತೀರ್ಣ, ಅವರು ಲೆಕ್ಕಹಾಕಿದ ಕಣಗಳ ಮೇಲ್ಮೈಗಿಂತ ಸುಮಾರು ಎರಡರಷ್ಟಿತ್ತು. ಪೊರೆಗೆ ಎರಡು ಪದರಗಳಿವೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ. ಈ ಪದರಗಳು ಹರಿದಾಡುವಂಥವು, ಅವುಗಳಲ್ಲಿ ಪ್ರೋಟೀನ್‌ಗಳು ನೆಲೆಸಿವೆ ಎಂಬ ಮಾದರಿಯನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮಂಡಿಸಿದರು. ನಾಲ್ಕು ಉಂಗುರಗಳ ಕೊಲೆಸ್ಟರಾಲ್ ಪ್ರಾಣಿಕೋಶಗಳ ಪೊರೆಯೊಳಗೆ ಸೇರಿ, ಅದು ತೀರ ಸಡಿಲವೂ ತೀರ ಬಿಗಿಯೂ ಆಗದಂತೆ ಕಾಯುತ್ತದೆ.

ನೀರಿಗೆ ಸೇರದ ಗುಣ ದೇಹಕ್ಕೆ ತೊಡಕನ್ನೂ ಒಡ್ಡುತ್ತದೆ. ಕರುಳಿನಲ್ಲಿ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದ ಮೇಲೆಯೇ ಲೈಪೇಸ್ ಕಿಣ್ವ ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತದಲ್ಲಿ ಕೊಬ್ಬು ಸಾಗಬೇಕಾದರೆ ಲಿಪೋಪ್ರೋಟೀನ್ ಎಂಬ ಕಣಗಳೊಳಗೆ ಸೇರಬೇಕು. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವುದರಿಂದ, ಊಟದಲ್ಲಿ ತುಸು ಎಣ್ಣೆ ಇದ್ದರೆ ಅವು ಚೆನ್ನಾಗಿ ಮೈಗೆ ಹತ್ತುತ್ತವೆ.

ಪುಸ್ತಕ ಮುಚ್ಚಿ ಕಲಿಯುವುದು

ಇಷ್ಟನ್ನು ಮತ್ತೆ ಮತ್ತೆ ಓದಿದರೆ ಎಲ್ಲ ಗೊತ್ತಿದೆ ಅನಿಸತೊಡಗುತ್ತದೆ. ಈ ಅನಿಸಿಕೆಯನ್ನು ನಂಬಬೇಡಿ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು. ವಾರದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದರಲ್ಲಿ ಶೇ. 42ರಷ್ಟು ಉಳಿದಿದ್ದರೆ, ನೋಡದೆ ಬರೆದದ್ದರಲ್ಲಿ ಶೇ. 56ರಷ್ಟು ಉಳಿದಿತ್ತು. ನೆನಪನ್ನು ಕೆದಕಿ ಹೊರತೆಗೆಯುವ ಶ್ರಮವೇ ಅದನ್ನು ಗಟ್ಟಿ ಮಾಡುತ್ತದೆ.

ಓದನ್ನು ಒಂದೇ ರಾತ್ರಿಗೆ ತುಂಬದೆ ದಿನಗಳಿಗೆ ಹಂಚುವುದೂ ಅಷ್ಟೇ ಮುಖ್ಯ. ಅದರ ಲಾಭವನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ದಾಖಲಿಸಿದ್ದರು.

ಲಿಪಿಡ್ ಪಾಠವನ್ನು ಹೀಗೆ ಓದಿ ನೋಡಿ. ಓದಿದ ದಿನವೇ ಖಾಲಿ ಹಾಳೆಯ ಮೇಲೆ ಟ್ರೈಗ್ಲಿಸರೈಡ್ ಮತ್ತು ಫಾಸ್ಫೊಲಿಪಿಡ್ ಚಿತ್ರ ಬರೆಯಿರಿ. ನೀರನ್ನು ಬಯಸುವ ಭಾಗ ಯಾವುದು, ಬಯಸದ್ದು ಯಾವುದು ಎಂದು ಗುರುತಿಸಿ. ಆಮೇಲೆ ಪುಸ್ತಕ ತೆರೆದು ತಿದ್ದಿಕೊಳ್ಳಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಹೊಸ ಹಾಳೆಯಲ್ಲಿ ಬರೆಯಿರಿ. ಹೆಸರು ಮರೆತರೂ ಕಾರಣದಿಂದ ಶುರುಮಾಡಿ.

ಈಗ ಈ ಪುಟ ಮುಚ್ಚಿ ಉತ್ತರಿಸಿ

1. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಅದರ ಸರಪಳಿಗಳು ಹೇಗಿರಬೇಕು?
2. ಟ್ರೈಗ್ಲಿಸರೈಡ್‌ನಿಂದ ಪೊರೆ ಏಕೆ ಕಟ್ಟಲಾಗದು?
3. ಪಿತ್ತರಸ ಕರುಳಿಗೆ ಬರದಿದ್ದರೆ ಯಾವ ಜೀವಸತ್ವಗಳ ಕೊರತೆ ಕಾಡಬಹುದು?

ಮೂರಕ್ಕೂ ನೇರ ಉತ್ತರ ಈ ಅಧ್ಯಾಯದಲ್ಲಿ ಬರೆದಿಲ್ಲ. ಉತ್ತರಕ್ಕೆ ಬೇಕಾದ ಕಾರಣಗಳೆಲ್ಲ ಇವೆ. ಅವುಗಳಿಂದ ಉತ್ತರ ಕಟ್ಟಲು ಬಂದರೆ ನೀವು ಪಾಠವನ್ನು ಕಲಿತಿದ್ದೀರಿ.