ತೂಕ ಒಂದೇ, ನಾಣ್ಯ ಬೇರೆ: ಹಳೆಯ ಬೆಳ್ಳಿ ರೂಪಾಯಿಗಳ ದಾಸ್ತಾನು ಲೆಕ್ಕ

ಕಾರವಾರ, ಅಂಕೋಲಾಗಳ ಬೆಳ್ಳಿ-ಬಂಗಾರದ ಅಂಗಡಿಗಳಿಗೆ ಹಳೆಯ ಒಡವೆಗಳೊಡನೆ ಹಳೆಯ ರೂಪಾಯಿ ನಾಣ್ಯಗಳೂ ಬರುವುದುಂಟು. ಗೋವೆಯ ಗಡಿ ಮಾಜಾಳಿಯ ಆಚೆಗೇ ಇರುವುದರಿಂದ ಅವುಗಳಲ್ಲಿ ಬ್ರಿಟಿಷ್ ಭಾರತದ ನಾಣ್ಯಗಳಂತೆಯೇ ಪೋರ್ಚುಗೀಸ್ ಭಾರತದ ನಾಣ್ಯಗಳೂ ಇರಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕರಗಿಸಿಬಿಡುವುದು ನಷ್ಟಕ್ಕೆ ದಾರಿಯಾದೀತು.

1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಮೇರೆಗೆ ಗೋವೆಯ ‘ರುಪಿಯಾ’ವನ್ನು 1881 ಮತ್ತು 1882ರ ಇಸವಿಗಳಲ್ಲಿ ಕಲ್ಕತ್ತೆಯ ಟಂಕಸಾಲೆಯಲ್ಲಿಯೇ ಅಚ್ಚುಹಾಕಲಾಯಿತು. ಅದರ ತೂಕ, ಶುದ್ಧತೆಗಳು ಬ್ರಿಟಿಷ್ ರೂಪಾಯಿಯಂತೆಯೇ ಇದ್ದವು: ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಭೇದವಿರುವುದು ಅಚ್ಚಿನಲ್ಲಿ ಮಾತ್ರ. ಒಂದರ ಮೇಲೆ ರಾಣಿ ವಿಕ್ಟೋರಿಯಾ, ಇನ್ನೊಂದರ ಮೇಲೆ ದೊರೆ ಲೂಯಿಸ್. ಒಂದರಲ್ಲಿ ‘ಒನ್ ರುಪೀ ಇಂಡಿಯಾ’, ಇನ್ನೊಂದರಲ್ಲಿ ‘ಉಮಾ ರುಪಿಯಾ’.

ಒಂದೇ ಸರಕಾರದ ನಾಣ್ಯಗಳಲ್ಲಿಯೂ ಪ್ರಭೇದಗಳಿವೆ. 1862ರ ಇಸವಿಯನ್ನೇ ಹೊತ್ತ ವಿಕ್ಟೋರಿಯಾ ರೂಪಾಯಿಗಳು ಅನಂತರದ ವರ್ಷಗಳಲ್ಲಿಯೂ ಅಚ್ಚಾದವು; ಇಸವಿಯ ಮೇಲೆ ಕೆಳಗೆ ಇರುವ ಚುಕ್ಕೆಗಳ ಸಂಖ್ಯೆಯಿಂದ ಸಂಗ್ರಾಹಕರು ಅವನ್ನು ವಿಂಗಡಿಸುತ್ತಾರೆ. ಶುದ್ಧತೆಯೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. 1940ರಿಂದ ಬ್ರಿಟಿಷ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ರೂಪಾಯಿ ನಿಕ್ಕಲ್‌ನದು. 1947ರ ಗೋವೆಯ ರುಪಿಯಾದಲ್ಲಿಯೂ ಬೆಳ್ಳಿ ಅರ್ಧದಷ್ಟೇ. ಆದುದರಿಂದ ಇಸವಿ ನೋಡದೆ ದರ ಕಟ್ಟಬಾರದು.

ಲೆಕ್ಕಪತ್ರದ ದೃಷ್ಟಿಯಿಂದ ಇದರ ಅರ್ಥವಿಷ್ಟೆ: ಬೆಳ್ಳಿಯೆಂದು ಪರಿಗಣಿಸಿದರೆ 1881ರ ಈ ಎರಡು ನಾಣ್ಯಗಳು ಒಂದಕ್ಕೊಂದು ಬದಲಿಯಾಗಬಲ್ಲವು, ಸಂಗ್ರಹಯೋಗ್ಯ ವಸ್ತುವೆಂದು ಮಾರುವುದಾದರೆ ಬದಲಿಯಾಗಲಾರವು. ಹೀಗೆ ಬದಲಿಯಾಗದ ಸರಕಿಗೆ ಸರಾಸರಿ ದರ ಸಲ್ಲದು. ಲೆಕ್ಕ ಮಾನದಂಡ 2ರ ಪ್ರಕಾರ ಪ್ರತಿಯೊಂದಕ್ಕೂ ಅದರದೇ ಖರೀದಿ ಬೆಲೆಯನ್ನು ಗುರುತಿಸಿ, ಆ ಬೆಲೆ ಮತ್ತು ಮಾರಾಟದಿಂದ ಬರಬಹುದಾದ ನಿವ್ವಳ ಮೊತ್ತ ಇವೆರಡರಲ್ಲಿ ಕಡಿಮೆಯಾದುದನ್ನು ದಾಸ್ತಾನಿನಲ್ಲಿ ತೋರಿಸತಕ್ಕದ್ದು.

ಕಾನೂನಿನ ಅಂಶವೂ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ಕಳೆದ ನಾಣ್ಯವೂ ಪುರಾವಸ್ತುವೇ. ಅಂತಹವುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು. ಖಾಸಗಿಯವರು ರಫ್ತು ಮಾಡುವಂತಿಲ್ಲ. 1912ರ ರುಪಿಯಾ ಈಗ ಈ ಮಿತಿಯೊಳಗೆ ಬಂದಿದೆ. 1935ರದು ಇನ್ನೂ ಬಂದಿಲ್ಲ.

ಆದಕಾರಣ ಖರೀದಿ ಚೀಟಿಯಲ್ಲಿ ‘ಹಳೆ ಬೆಳ್ಳಿ’ ಎಂದಷ್ಟೇ ಬರೆಯದೆ ನಾಣ್ಯದ ಸರಕಾರ, ಇಸವಿ, ತೂಕ ಮತ್ತು ಕೊಟ್ಟ ಬೆಲೆಯನ್ನು ನಮೂದಿಸುವುದು ಲೇಸು. ಮೂಸೆಗೆ ಹಾಕುವ ಮುನ್ನ ಒಮ್ಮೆ ಎರಡೂ ಮಗ್ಗುಲು ತಿರುವಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಕರಗಿದ ನಾಣ್ಯ ಮಾತ್ರ ಮರಳಿ ಬಾರದು.