ಗಾಡಿಗೆ ಎಣ್ಣೆ ಬೆಳೆಯುವ ಮುನ್ನ



ಹೊಂಗೆ, ಬೇವು, ಹಿಪ್ಪೆ ಬೀಜಗಳಿಂದ ಎಣ್ಣೆ ತೆಗೆದು ದೀಪ ಹಚ್ಚುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಈಗ ಅಂಥ ಎಣ್ಣೆಯನ್ನೇ ಸಂಸ್ಕರಿಸಿ ಲಾರಿ ಓಡಿಸುತ್ತಾರೆ. ಕಬ್ಬು, ಮೆಕ್ಕೆಜೋಳಗಳಿಂದ ಎಥನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ಇವುಗಳಿಗೆ ಜೈವಿಕ ಇಂಧನ ಎಂದು ಹೆಸರು. ಆದರೆ ಹೊಲದಲ್ಲಿ ಬೆಳೆದದ್ದು ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗುವುದಿಲ್ಲ. ಅದು ಯಾರ ನೆಲದಲ್ಲಿ, ಯಾರ ಪಾಲಿನ ನೀರಿನಲ್ಲಿ ಬೆಳೆಯಿತು ಎಂದು ಕೇಳಬೇಕು. ಹೀಗೆ ಕೇಳುವುದಕ್ಕೆಂದೇ ಉದ್ಯಮದವರು, ರೈತರು, ಪರಿಸರ ಸಂಘಟನೆಗಳು ಒಟ್ಟಿಗೆ ಕುಳಿತ ಒಂದು ಪ್ರಯತ್ನವನ್ನು ಇಲ್ಲಿ ಪರಿಚಯಿಸುತ್ತೇವೆ.

ತಕರಾರು ಎದ್ದದ್ದು ಹೇಗೆ?

2007ರ ಜನವರಿಯಲ್ಲಿ ಮೆಕ್ಸಿಕೋ ದೇಶದಲ್ಲಿ ಮೆಕ್ಕೆಜೋಳದ ರೊಟ್ಟಿಯ ಬೆಲೆ ಏರಿ ಜನ ಬೀದಿಗಿಳಿದರು. ಅಮೆರಿಕದಲ್ಲಿ ಮೆಕ್ಕೆಜೋಳ ಎಥನಾಲ್ ಕಾರ್ಖಾನೆಗಳಿಗೆ ಹೋಗುತ್ತಿದ್ದುದೂ ಇದಕ್ಕೆ ಒಂದು ಕಾರಣವೆಂಬ ಮಾತು ಕೇಳಿಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಆಹಾರ ಹಕ್ಕಿನ ವಿಶೇಷ ವರದಿಗಾರ ಜೀನ್ ಝೀಗ್ಲರ್, ಅನ್ನದ ಬೆಳೆಯನ್ನು ಇಂಧನ ಮಾಡುವ ಕೆಲಸವನ್ನು 5 ವರ್ಷ ನಿಲ್ಲಿಸಬೇಕೆಂದು ಒತ್ತಾಯಿಸಿದರು. ಇಂಡೋನೇಷ್ಯಾದಲ್ಲಿ ತಾಳೆ ಎಣ್ಣೆಗಾಗಿ ಕಾಡು ಕಡಿಯುತ್ತಿರುವುದೂ ಚರ್ಚೆಗೆ ಬಂತು. ಕಾಡು ಸುಟ್ಟು ಬೆಳೆದ ಎಣ್ಣೆಯಿಂದ ಗಾಳಿಗೆ ಆಗುವ ಹಾನಿ, ಆ ಎಣ್ಣೆಯ ಲಾಭದಿಂದ ಎಷ್ಟೋ ದಶಕಗಳವರೆಗೆ ತೀರುವುದಿಲ್ಲ.

ದುಂಡು ಮೇಜಿನ ಸುತ್ತ

2007ರಲ್ಲಿಯೇ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಫೆಡರಲ್ ತಾಂತ್ರಿಕ ಸಂಸ್ಥೆಯ ಆಶ್ರಯದಲ್ಲಿ 'ಸುಸ್ಥಿರ ಜೈವಿಕ ಇಂಧನಗಳ ದುಂಡು ಮೇಜಿನ ಪರಿಷತ್ತು' ಆರಂಭವಾಯಿತು. ಬೆಳೆಗಾರರು, ಇಂಧನ ತಯಾರಕರು, ವ್ಯಾಪಾರಿಗಳು, ಪರಿಸರ ಸಂಘಟನೆಗಳು, ಕಾರ್ಮಿಕರ ಮತ್ತು ಭೂಮಿಯ ಹಕ್ಕಿಗಾಗಿ ದುಡಿಯುವವರು ಬೇರೆ ಬೇರೆ ವಿಭಾಗಗಳಾಗಿ ಅದರಲ್ಲಿ ಸೇರಿದರು. ಹಣವಿದ್ದವರ ಮಾತೇ ನಡೆಯಬಾರದು, ಸಾಧ್ಯವಾದಷ್ಟು ಒಮ್ಮತಕ್ಕೆ ಬರಬೇಕು ಎಂಬುದು ಅಲ್ಲಿಯ ಪದ್ಧತಿ. 2008ರ ಆಗಸ್ಟಿನಲ್ಲಿ ಮೊದಲ ಕರಡನ್ನು ಎಲ್ಲರ ಟೀಕೆಗೆ ಬಿಟ್ಟರು. 2011ರಲ್ಲಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಆರಂಭವಾಯಿತು. 2013ರಲ್ಲಿ ಇಂಧನವಲ್ಲದ ಜೈವಿಕ ವಸ್ತುಗಳನ್ನೂ ಸೇರಿಸಿಕೊಂಡು ಹೆಸರು ಬದಲಾಯಿತು.

ಇವರ ತತ್ವಗಳು 12. ಮುಖ್ಯವಾದವು ಇವು: ಜಮೀನಿನ ಹಕ್ಕುದಾರರು ವಿಷಯ ತಿಳಿದು, ಮುಂಚಿತವಾಗಿ, ಒತ್ತಾಯವಿಲ್ಲದೆ ಒಪ್ಪಿರಬೇಕು. ಸ್ಥಳೀಯರ ಅನ್ನಕ್ಕೆ ಕುಂದು ಬರಬಾರದು. ಮಣ್ಣಿನ ಸತ್ವ ಉಳಿಯಬೇಕು. ಇತರರ ನೀರಿನ ಹಕ್ಕನ್ನು ಕಸಿಯಬಾರದು. ಬಿತ್ತನೆಯಿಂದ ಬಳಕೆಯವರೆಗೆ ಲೆಕ್ಕ ಹಾಕಿದರೆ ಹಸಿರುಮನೆ ಅನಿಲ ಪೆಟ್ರೋಲ್, ಡೀಸೆಲ್‌ಗಿಂತ ಸರಾಸರಿ ಶೇ. 50ರಷ್ಟು ಕಡಿಮೆ ಇರಬೇಕು. ಕಂಪನಿ ತಾನೇ 'ಪಾಲಿಸಿದ್ದೇವೆ' ಎಂದರೆ ಸಾಲದು. ಹೊರಗಿನ ತಪಾಸಣೆಗಾರರು ಬಂದು ನೋಡಬೇಕು.

ಮುದ್ರೆ ಬಿದ್ದರೆ ಸಾಕೇ?

ಸಾಲದು. ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ ಅಡಾಕ್ಸ್ ಎಂಬ ಕಂಪನಿ ಮಕೇನಿ ಪಟ್ಟಣದ ಬಳಿ ಸುಮಾರು 10,000 ಹೆಕ್ಟೇರಿನಲ್ಲಿ ಕಬ್ಬು ಬೆಳೆದು ಎಥನಾಲ್ ತಯಾರಿಸುವ ಯೋಜನೆ ಹಾಕಿತು. 2013ರಲ್ಲಿ ಇದೇ ಪರಿಷತ್ತಿನ ಪ್ರಮಾಣಪತ್ರವೂ ಸಿಕ್ಕಿತು. ಆದರೆ 2015ರಲ್ಲಿ ಕಂಪನಿ ಕೆಲಸವನ್ನು ತಗ್ಗಿಸಿತು. ಅನೇಕರ ಕೂಲಿ ಹೋಯಿತು. ಜಮೀನು ದೀರ್ಘಕಾಲದ ಗೇಣಿಗೆ ಹೋಗಿದ್ದ ಹಳ್ಳಿಗರು ಕಷ್ಟಕ್ಕೆ ಸಿಕ್ಕಿದರು. ಯೋಜನೆ ನಡೆಯುವಾಗ ಹೇಗಿರಬೇಕೆಂದು ನಿಯಮ ಹೇಳಬಹುದು. ಅದು ನಿಂತುಹೋದರೆ ಜನರ ಗತಿಯೇನು ಎಂಬುದು ಕರಾರಿನಲ್ಲೇ ಇರಬೇಕು.

ನಮ್ಮ ದೇಶದ ಪಾಠ

2003ರಲ್ಲಿ ಯೋಜನಾ ಆಯೋಗದ ಸಮಿತಿ ಡೀಸೆಲ್‌ಗೆ ಶೇ. 20 ಬೆರಸಲು 1.12 ಕೋಟಿ ಹೆಕ್ಟೇರಿನಲ್ಲಿ ಜಟ್ರೋಫಾ, ಅಂದರೆ ಕಾಡುಹರಳು, ಬೆಳೆಸಬೇಕೆಂದು ಲೆಕ್ಕ ಹಾಕಿತು. 'ನೀರು ಬೇಡ, ಗೊಬ್ಬರ ಬೇಡ' ಎಂಬ ಪ್ರಚಾರವೂ ನಡೆಯಿತು. ಬರಡು ನೆಲದಲ್ಲಿ ಗಿಡವೇನೋ ಬದುಕಿತು, ಕಾಯಿ ಮಾತ್ರ ಸಾಕಷ್ಟು ಬಿಡಲಿಲ್ಲ. ಕೊಳ್ಳುವವರೂ ವಿರಳವಾಗಿ, ಅನೇಕರು ಅದನ್ನು ಕೈಬಿಟ್ಟರು.

ಎಥನಾಲ್ ಮಾತ್ರ ಬೆಳೆಯಿತು. 2025ರಲ್ಲಿ ಪೆಟ್ರೋಲಿನಲ್ಲಿ ಶೇ. 20 ಬೆರಕೆಯ ಗುರಿ ಮುಟ್ಟಿತು. ಕಬ್ಬಿನ ರೈತರಿಗೆ ಇದರಿಂದ ಮಾರುಕಟ್ಟೆಯೂ ಹಿಗ್ಗಿದೆ. ಆದರೆ ಕಬ್ಬಿನಿಂದ 1 ಲೀಟರ್ ಎಥನಾಲ್ ಆಗಬೇಕಾದರೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿ ಹೇಳುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಬರದ ವರ್ಷದಲ್ಲಿ ಈ ಲೆಕ್ಕದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಒಪ್ಪುವ ಮುನ್ನ ಕೇಳಿ

ಇಂಧನದ ಬೆಳೆಗೆಂದು ಯಾರಾದರೂ ಕರಾರು ತಂದರೆ, ಒಬ್ಬೊಬ್ಬರೇ ಸಹಿ ಹಾಕದೆ ಊರಿನವರು ಸೇರಿ ಕೇಳಿ:

1. ಕೊಳ್ಳುವವರು ಯಾರು? ಕನಿಷ್ಠ ಬೆಲೆ ಬರಹದಲ್ಲಿದೆಯೇ?
2. ನೀರು ಎಲ್ಲಿಂದ? ನೆರೆಯವರ ಬಾವಿ ಬತ್ತುವುದಿಲ್ಲವೇ?
3. ಮನೆಯ ಊಟಕ್ಕೆ ಬೇಕಾದ ಜೋಳ, ರಾಗಿ, ತೊಗರಿಗೆ ನೆಲ ಉಳಿಯುತ್ತದೆಯೇ?
4. ಕಂಪನಿ ಹೊರಟುಹೋದರೆ ಜಮೀನು ಯಾವಾಗ, ಹೇಗೆ ಮರಳುತ್ತದೆ?

ಹೊಂಗೆ, ಬೇವನ್ನು ಬದುವಿನಲ್ಲಿ ಬೆಳೆಸಿದರೆ ಅನ್ನದ ನೆಲಕ್ಕೆ ತೊಂದರೆಯಿಲ್ಲ. ಇವುಗಳ ಹಿಂಡಿ ಒಳ್ಳೆಯ ಗೊಬ್ಬರ.

ಕೊನೆಯದಾಗಿ ಆರೋಗ್ಯದ ಮಾತು. ಬೇಲಿಯ ಕಾಡುಹರಳಿನ ಬೀಜ ವಿಷ. ರುಚಿಯಾಗಿರುವುದರಿಂದ ಮಕ್ಕಳು ತಿಂದುಬಿಡುತ್ತಾರೆ. ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ಮನೆಮದ್ದು ಮಾಡುತ್ತ ಕೂರದೆ, ಬಲವಂತವಾಗಿ ವಾಂತಿ ಮಾಡಿಸದೆ, ತಿಂದ ಬೀಜದ ಮಾದರಿಯೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅದರ ಹಿಂಡಿಯನ್ನು ದನಕರುಗಳಿಗೂ ಹಾಕಬೇಡಿ.